ತಳದಲ್ಲಿ ಒಂದು ಸೌಟು

ನವೆಂಬರಿನ ಭಾನುವಾರ. ವೂಚ್ ನಗರದಲ್ಲಿ
ನಾಲ್ಕಕ್ಕೇ ದೀಪ ಬೇಡುವ ಕತ್ತಲು.
ಊಟದ ತಟ್ಟೆ ಇನ್ನೂ ತೊಳೆದಿಲ್ಲ,
ಆಗಲೇ ಹೊಟ್ಟೆಯೊಳಗೆ ಯಾರೋ
ಕುರ್ಚಿ ಎಳೆದು ಕೂತ ಸದ್ದು.

ಬಂದೆಯಾ, ಎನ್ನುತ್ತೇನೆ.
ಅದು ಮಾತಾಡುವುದಿಲ್ಲ, ತೋರಿಸುತ್ತದೆ:
ನೀರು ಸರಬರಾಜು ಕಚೇರಿಯ ಮೂರನೇ ಕಿಟಕಿ,
ಗಾಜಿನಲ್ಲಿ ಕೊರೆದ ಅರ್ಧಚಂದ್ರದ ತೂತು,
ಅದರಿಂದ ತೂರಿಬರುವ ಬಿಲ್ಲು, ಬೆರಳು, ಬೈಗುಳ.
ಶುಕ್ರವಾರ ನಾನು ತಪ್ಪು ಕಡತಕ್ಕೆ ಹೊಡೆದ ಮುದ್ರೆ.
ಹೊಡೆದೆನೋ ಇಲ್ಲವೋ ನೆನಪಿಲ್ಲ.
ನೆನಪಿಲ್ಲದ್ದನ್ನೇ ಅದು ಹೆಚ್ಚು ಚೆನ್ನಾಗಿ ತೋರಿಸುವುದು.

ಬಿಳಿ ಅಂಗಿಗೆ ಇಸ್ತ್ರಿ. ಕಾಲರಿಗೆ ಎರಡು ಸಲ.
ಟ್ರಾಮಿನ ವೇಳೆ ನೋಡುತ್ತೇನೆ, ಆರು ನಲವತ್ತು,
ಹನ್ನೊಂದು ವರ್ಷದಿಂದ ಆರು ನಲವತ್ತೇ.
ಮತ್ತೊಮ್ಮೆ ನೋಡುತ್ತೇನೆ.

ಅಡುಗೆಮನೆಯಲ್ಲಿ ಗೆನೊವೇಫಾ ಅತ್ತೆ,
ಅಪ್ಪನ ಅಕ್ಕ, ಎಂಬತ್ತೆರಡರವಳು,
ಬಟ್ಟೆ ಗಿರಣಿಯಲ್ಲಿ ಮೂವತ್ತೊಂದು ವರ್ಷ ನಿಂತವಳು.
ಎಡಗಿವಿಯನ್ನು ಮಗ್ಗಗಳಿಗೆ ಕೊಟ್ಟು
ಬಲಗಿವಿಯನ್ನು ನಮಗಾಗಿ ಉಳಿಸಿಕೊಂಡವಳು.
"ಏನೇ ಯೊಲಾಂತಾ, ಆ ಅಂಗಿ ಏನು ತಪ್ಪು ಮಾಡಿದೆ?"

ನಾನು ನಗುವುದಿಲ್ಲ.
ಅತ್ತೆ, ನಿನಗಿರಲಿಲ್ಲವೇ ಇದು?

"ಇರದೆ ಏನು! ಸಂಜೆ ಚರ್ಚಿನ ಗಂಟೆ ಹೊಡೆದರೆ
ನನಗೆ ಗಿರಣಿಯ ಸೈರನ್ನೇ ಕೇಳುತ್ತಿತ್ತು.
ಪಕ್ಕದ ಮಗ್ಗದ ಲುಟ್ಕಾ ಪ್ರತಿ ಭಾನುವಾರ ರಾತ್ರಿ ವಾಂತಿ ಮಾಡುತ್ತಿದ್ದಳು,
ಸೋಮವಾರ ಎಲ್ಲರಿಗಿಂತ ಮೊದಲು ಹಾಡುತ್ತಿದ್ದಳು."

ಅಷ್ಟೇ. ಉಪದೇಶವಿಲ್ಲ.
ಕಿಟಕಿಕಟ್ಟೆಯ ಗಾಜಿನ ಭರಣಿ ಎಳೆದುಕೊಂಡಳು,
ರೈ ಹಿಟ್ಟು, ನೀರು, ಬೆಳ್ಳುಳ್ಳಿ, ಐದು ದಿನದ ಹುಳಿ.
ಸಾರಿಗೆ ಬೇಕಾದಷ್ಟು ಬಗ್ಗಿಸಿದಳು,
ಬಗ್ಗಿಸಿ, ಕೈ ತಡೆದಳು.
ತಳದಲ್ಲಿ ಒಂದು ಸೌಟು ಉಳಿಯಿತು.
ಅದರ ಮೇಲೆ ಹೊಸ ಹಿಟ್ಟು, ಹೊಸ ನೀರು, ಬಾಯಿಗೊಂದು ಬಟ್ಟೆ.

ನೂರು ಸಲ ನೋಡಿದ್ದೇನೆ ಇದನ್ನು.
ಇವಳು ಭರಣಿ ತೊಳೆದದ್ದೇ ಇಲ್ಲ ಎಂಬುದು
ಇವತ್ತು ಕಣ್ಣಿಗೆ ಬಿತ್ತು.
ಹೆಪ್ಪಿಗೂ ಉಳಿಸದೆ ಉಂಡವರಿಗೆ
ನಾಳೆ ಎಲ್ಲಿಂದ ಗಟ್ಟಿಯಾದೀತು?
ನಾನೋ, ಪ್ರತಿ ಭಾನುವಾರವನ್ನೂ
ಬೆರಳಲ್ಲಿ ಬಳಿದು ಬಳಿದು ನೆಕ್ಕಿ
ಖಾಲಿ ಪಾತ್ರೆ ಹಿಡಿದು ಸೋಮವಾರದ ಬಾಗಿಲಿಗೆ ಹೋಗುವವಳು.

ಪದಬಂಧದ ಮೂಲೆಯಲ್ಲಿ ಆರು ಮನೆ ಹಾಗೇ ಬಿಟ್ಟೆ.
ಗಸಗಸೆ ಕೇಕಿನ ತುದಿಯನ್ನು ಕಾಗದದಲ್ಲಿ ಸುತ್ತಿದೆ.
ಯುಸ್ತಿನಾಗೆ ಫೋನಿನಲ್ಲಿ ಮೇಲ್ಮನೆಯವರ ಜಗಳ ಹೇಳುತ್ತಿದ್ದೆ,
ಗಂಡ ಪೆಟ್ಟಿಗೆ ಹಿಡಿದು ಮೆಟ್ಟಿಲಿಳಿಯುವಲ್ಲಿಗೆ ನಿಲ್ಲಿಸಿ
ಉಳಿದದ್ದು ನಾಳೆ ಸಂಜೆ ಎಂದೆ. ಅವಳು ಬೈದಳು.
ಅಂಗಿಯ ಒಂದು ತೋಳು ಸುಕ್ಕಾಗಿಯೇ ಇರಲಿ,
ಕೋಟಿನೊಳಗೆ ಯಾರು ನೋಡುತ್ತಾರೆ.

ಹೆದರಿಕೆ ಎದ್ದು ಹೋಯಿತೆಂದರೆ ಸುಳ್ಳು.
ಕೂತೇ ಇತ್ತು.
ಅತ್ತೆ ಅದಕ್ಕೂ ಒಂದು ಬಟ್ಟಲು ಬಡಿಸಿದಂತೆ ಕಂಡಿತು.
ನಿಜಕ್ಕೂ ಅದು ನನಗೇ, ಎರಡನೆಯದು.

ಸೋಮವಾರ ಟ್ರಾಮು ಮೂರು ನಿಮಿಷ ತಡ.
ತೂತಿನಲ್ಲಿ ಮೊದಲ ಬೆರಳು ಮುದುಕ ಪಶ್ಕೇವಿಚರದ್ದು,
ಅವರ ಮೀಟರು ನಡುರಾತ್ರಿ ತಾನೇ ತಾನಾಗಿ ತಿರುಗುತ್ತದಂತೆ.
ಮುದ್ರೆ ಸರಿಯಾದ ಕಡತದ ಮೇಲೇ ಇತ್ತು.
(ಮುಂದಿನ ಭಾನುವಾರ ಇದು ನನಗೆ ನೆನಪಿರುವುದಿಲ್ಲ.)

ಹನ್ನೆರಡಕ್ಕೆ ಡಬ್ಬಿಯ ಮುಚ್ಚಳ ತೆರೆದೆ.
ಹುಳಿಗೆ, ಬೆಳ್ಳುಳ್ಳಿಗೆ ಇಡೀ ಕಚೇರಿ ಮೂಗೆತ್ತಿತು.
ಮೇಲಧಿಕಾರಿ ದುಬೀಯೆಲ್ ಬಾಗಿಲಲ್ಲಿ ನಿಂತರು,
ಕೈಯಲ್ಲಿ ಕೆಂಪು ಪೆನ್ನು.
"ಏನಿದು ವಾಸನೆ?"
"ನಿನ್ನೆಯದು," ಎಂದೆ.

ಅವರು ಹೋಗಲಿಲ್ಲ.
ಪೆನ್ನನ್ನು ಜೇಬಿಗಿಳಿಸಿ, ದನಿ ತಗ್ಗಿಸಿ,
ಇನ್ನೊಂದು ಚಮಚ ಇದೆಯಾ, ಎಂದರು.